ತಾಂತ್ರಿಕ ಹಂತದಲ್ಲೇ ಬಿಡ್ ತಿರಸ್ಕೃತ: ಟೆಂಡರ್ ನಿಯಮ ಬಲ್ಲವರ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕಚೇರಿ ಪೀಠೋಪಕರಣ ತಯಾರಿಸುವ ಸಣ್ಣ ಘಟಕ ನಡೆಸುತ್ತಿರುವ ನಾನು ಸರ್ಕಾರಿ ಖರೀದಿಗೆ ಮೊದಲ ಬಾರಿ ಸಲ್ಲಿಸಿದ ಬಿಡ್ ತಿರಸ್ಕೃತವಾಗಿದೆ. ತಾಂತ್ರಿಕ ವಿವರವನ್ನೂ ದರವನ್ನೂ ಬೇರೆ ಬೇರೆಯಾಗಿ ಸಲ್ಲಿಸುವ ಎರಡು ಲಕೋಟೆ ಪದ್ಧತಿಯಲ್ಲಿ, ತಾಂತ್ರಿಕ ಅರ್ಹತೆ ಪಡೆದವರ ದರದ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ ಎಂಬುದು ಗೊತ್ತಿತ್ತು. ಆದರೆ ಹಿಂದಿನ ಕೆಲಸಗಳ ವಿವರವಿದ್ದ ಒಂದೇ ಒಂದು ಅನುಬಂಧಕ್ಕೆ ಸಹಿ ಹಾಕಲು ಮರೆತದ್ದು ಇಷ್ಟಕ್ಕೆ ಮುಳುವಾಗುತ್ತದೆಂದು ಊಹಿಸಿರಲಿಲ್ಲ. ದರ ಲೆಕ್ಕ ಹಾಕಲು ಮೂರು ವಾರ ಕೊಟ್ಟವನು ಸಹಿಗಳನ್ನು ನೋಡಲು ಹತ್ತು ನಿಮಿಷವನ್ನೂ ಕೊಡಲಿಲ್ಲ, ತಪ್ಪು ನನ್ನದೇ.

ಬಿಡ್‌ನ ಸಾರವನ್ನಾಗಲಿ ದರವನ್ನಾಗಲಿ ಬದಲಿಸದ ಸಣ್ಣ ಲೋಪಗಳಿದ್ದರೆ ಮೌಲ್ಯಮಾಪನ ಸಮಿತಿಯು ಸ್ಪಷ್ಟೀಕರಣ ಕೇಳಲು ಅನೇಕ ಖರೀದಿ ನಿಯಮಗಳಲ್ಲಿ ಅವಕಾಶವಿರುತ್ತದೆ. ಸಹಿಯಿಲ್ಲದ ಅನುಬಂಧವನ್ನು ಅಂಥ ಸಣ್ಣ ಲೋಪವೆಂದು ವಾದಿಸಬಹುದೇ, ಅಥವಾ ಅದು ಮೂಲ ಷರತ್ತಿನ ಉಲ್ಲಂಘನೆಯೇ? ಟೆಂಡರ್ ದಾಖಲೆಯಲ್ಲಿ ಬಿಡ್‌ದಾರರಿಗೆ ಸೂಚನೆಗಳ ಭಾಗವನ್ನು ಎರಡು ಸಲ ಓದಿದರೂ ನನಗೆ ಖಚಿತವಾಗಲಿಲ್ಲ.

ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆದ ಮೇಲೆ ಆಕ್ಷೇಪಣೆ ಸಲ್ಲಿಸಬೇಕೇ, ಅಥವಾ ಅಷ್ಟರೊಳಗೆ ಗುತ್ತಿಗೆ ಒಪ್ಪಂದಕ್ಕೆ ಸಹಿ ಬಿದ್ದು ಗಡುವು ಮೀರುವ ಅಪಾಯವಿದೆಯೇ? ಆಕ್ಷೇಪಣೆ ಸಲ್ಲಿಸಿದ ಅನುಭವವಿರುವ ಸರಬರಾಜುದಾರರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ. ಇಎಂಡಿ (ಬಿಡ್ ಜೊತೆ ಕಟ್ಟಿದ ಮುಂಗಡ ಠೇವಣಿ) ಮರಳಿ ಪಡೆಯಲು ಪ್ರತ್ಯೇಕ ಅರ್ಜಿ ಬೇಕಾಗುತ್ತದೆಯೇ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.