ಹಳೇ ಕಾರಿನ ಟಿಂಕರಿಂಗ್ ಕೆಲಸ ವರ್ಷದೊಳಗೇ ಕೈ ಕೊಟ್ಟಿದೆ, ಟಚಪ್‌ಗೆ ಒಪ್ಪಬಹುದಾ?

ಹಳೇಚಕ್ರ:
1960ರ ದಶಕದ ನಾಲ್ಕು ಬಾಗಿಲ ಕಾರು. ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುವಂಥದ್ದು. ಎರಡೂ ಬದಿಯ ಸಿಲ್ (ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತಗಡಿನ ಭಾಗ), ಹಿಂದಿನ ಚಕ್ರದ ಕಮಾನು ಮತ್ತು ಮುಂದಿನ ಬಾಗಿಲುಗಳ ಕೆಳಭಾಗಕ್ಕೆ ಹೊಸ ತಗಡು ಹಾಕಿ ಫುಲ್ ಪೇಂಟ್ ಮಾಡೋ ಮಾತಾಗಿತ್ತು. ಈಗ ನೋಡಿದರೆ ಕಮಾನಿನ ಅಂಚಲ್ಲಿ, ಬಾಗಿಲ ತಳದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದಿವೆ. ಬಾನೆಟ್ಟನ್ನು ಬಿಸಿಲಲ್ಲಿ ಓರೆಯಾಗಿ ನೋಡಿದರೆ ಸ್ಯಾಂಡ್‌ಪೇಪರ್ ಉಜ್ಜಿದ ಗೆರೆ ಕಾಣುತ್ತೆ. ಎಡಗಡೆ ಹಿಂದಿನ ಬಾಗಿಲು ಮೇಲೆ ಉಜ್ಜುತ್ತೆ, ಕೆಳಗೆ ಬೆರಳು ತೂರುವಷ್ಟು ಗ್ಯಾಪ್. ಗ್ಯಾರೇಜಿನವರು ಗುಳ್ಳೆ ಕೆರೆದು ಟಚಪ್ ಮಾಡಿಕೊಡ್ತೀವಿ ಅಂತಿದ್ದಾರೆ. ಕೊಡಲಾ?

ತಗಡುಕೆಲಸ:
ಕೊಡಬೇಡಿ. ಒಳಗೇನಿದೆ ಅಂತ ಗೊತ್ತಾಗೋ ಮೊದಲು ಟಚಪ್ ಮಾಡಿಸಿದರೆ ಸಾಕ್ಷಿ ಮುಚ್ಚಿಹೋಗುತ್ತೆ, ತುಕ್ಕು ಅಲ್ಲೇ ಇರುತ್ತೆ.

ಮೊದಲು ಎಲ್ಲಾ ಗುಳ್ಳೆಗಳ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಆಮೇಲೆ ಒಂದೆರಡನ್ನು ಸೂಜಿಯಿಂದ ಚುಚ್ಚಿ. ಕಂದು ನೀರು ಅಥವಾ ಪುಡಿ ಬಂದರೆ ತುಕ್ಕು ತಗಡಿನಿಂದಲೇ ಮೇಲೆ ಬರ್ತಿದೆ. ಬರೀ ತಿಳಿನೀರು ಇದ್ದರೆ ಪುಟ್ಟಿಯೋ (ತಗ್ಗು ತುಂಬುವ ಪೇಸ್ಟ್) ಪ್ರೈಮರೋ (ಪೇಂಟ್ ಕೆಳಗಿನ ಕೋಟ್) ತೇವ ಹೀರಿಕೊಂಡಿದೆ. ಒಣಗಿದ ಸಣ್ಣ ತೂತು ಮಾತ್ರ ಇದ್ದರೆ ಥಿನ್ನರ್ ಆರುವ ಮೊದಲೇ ಮೇಲಿನ ಕೋಟ್ ಹೊಡೆದಿದ್ದಾರೆ.

ಅಂಚಲ್ಲೇ ಗುಳ್ಳೆ ಬಂದಿರೋದು ನೋಡಿದರೆ ನನ್ನ ಅನುಮಾನ ಮೊದಲನೆಯದ್ದರ ಮೇಲೆ. ಹಳೇ ತುಕ್ಕು ತಗಡನ್ನು ಕತ್ತರಿಸದೆ ಅದರ ಮೇಲೇ ತೇಪೆ ಕೂರಿಸಿ ವೆಲ್ಡ್ ಮಾಡಿದರೆ ಎರಡು ತಗಡಿನ ನಡುವೆ ನೀರು ನಿಲ್ಲುತ್ತೆ. ಹೊರಗಿನಿಂದ ಎಷ್ಟೇ ಚೆನ್ನಾಗಿ ಪೇಂಟ್ ಮಾಡಿ, ಹಿಂದುಗಡೆ ಬರಿ ತಗಡು. ಪುಟ್ಟಿಯಲ್ಲಿ ಟಾಲ್ಕ್ ಇರುತ್ತೆ, ಹಿಂದಿನಿಂದ ಬಂದ ತೇವವನ್ನು ಅದು ಕುಡಿಯುತ್ತೆ.

ಪೇಂಟ್ ಗೇಜ್ (ಪೇಂಟಿನ ದಪ್ಪ ಅಳೆಯುವ ಸಾಧನ) ಸಿಕ್ಕಿದರೆ ಇಡೀ ಕಾರು ಅಳೆದು ಬರೆದಿಡಿ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ತಗಡಿನ ತನಕ ಕೆರೆದು ಸರಿಯಾಗಿ ಮಾಡಿದ ಹೊಸ ಪೇಂಟ್ 200–350. ಸಾವಿರ ದಾಟಿದರೆ ಪುಟ್ಟಿ. 2ರಿಂದ 3 ಮಿಲಿಮೀಟರ್ ತನಕ ಪುಟ್ಟಿ ತಪ್ಪಲ್ಲ. ಗೇಜ್ ರೀಡಿಂಗನ್ನೇ ಕೊಡದಿದ್ದರೆ, ಬಟ್ಟೆ ಸುತ್ತಿದ ಆಯಸ್ಕಾಂತವೂ ಜಾರಿ ಬಿದ್ದರೆ, ಅಲ್ಲಿ ತಗಡಿನ ಕೆಲಸವನ್ನು ಪುಟ್ಟಿಯೇ ಮಾಡ್ತಿದೆ ಅಂತ ಅರ್ಥ.

ಸ್ಪ್ರೇಗನ್:
ಬಾನೆಟ್ ಗೆರೆ ಬೇರೆ ಕಥೆ, ಅದಕ್ಕೂ ತುಕ್ಕಿಗೂ ಸಂಬಂಧ ಇಲ್ಲ. 80 ನಂಬರ್ ಪೇಪರ್ ಗೆರೆಯನ್ನು 180, 320 ಅಂತ ಹಂತವಾಗಿ ತೆಗೆಯದೆ ದಪ್ಪ ಸರ್ಫೇಸರ್‌ನಿಂದ (ಸಣ್ಣ ಗೆರೆ ತುಂಬುವ ಪ್ರೈಮರ್) ತುಂಬಿಸಿದ್ದಾರೆ. ಸರ್ಫೇಸರ್ ಒಣಗ್ತಾ ಕುಗ್ಗಿದಾಗ ಗೆರೆ ಮತ್ತೆ ಮೇಲೆ ಬರುತ್ತೆ. ಬಫಿಂಗ್ ಮಾಡಿದರೆ ಕೆಲವು ವಾರ ಮುಚ್ಚಿಕೊಂಡಿರುತ್ತೆ ಅಷ್ಟೇ. ಬಾನೆಟ್ಟನ್ನು ಬ್ಲಾಕ್ ಹಿಡಿದು ಗೈಡ್ ಕೋಟ್ (ಉಬ್ಬುತಗ್ಗು ತೋರಿಸಲು ಹೊಡೆಯುವ ತೆಳು ಬಣ್ಣ) ಮೇಲೆ 320, ಆಮೇಲೆ 600ರಲ್ಲಿ ಉಜ್ಜಿ ಮತ್ತೆ ಪೇಂಟ್ ಹೊಡೆಯಬೇಕು.

ಇನ್ನೊಂದು ವಿಷಯ ಕೇಳಿ ನೋಡಿ: ಪುಟ್ಟಿ ಕೆಳಗೆ ಯಾವ ಪ್ರೈಮರ್ ಹೊಡೆದರು? ಎಚ್ (etch) ಪ್ರೈಮರ್ ಅಂದರೆ ಅದರಲ್ಲಿ ಆಸಿಡ್ ಇರುತ್ತೆ, ಪಾಲಿಯೆಸ್ಟರ್ ಪುಟ್ಟಿ ಅದರ ಮೇಲೆ ಗಟ್ಟಿಯಾಗಿ ಕೂರಲ್ಲ. ಪುಟ್ಟಿ ಒಂದೋ 80ರಲ್ಲಿ ಉಜ್ಜಿದ ಶುದ್ಧ ತಗಡಿನ ಮೇಲೆ, ಇಲ್ಲವೇ ಎಪಾಕ್ಸಿ ಪ್ರೈಮರ್ ಮೇಲೆ ಹೋಗಬೇಕು.

ಅಳತೆಪಟ್ಟಿ:
ಬಾಗಿಲ ಬಗ್ಗೆ ಯಾರೂ ಮಾತಾಡಿಲ್ಲ, ನನಗೆ ಅದೇ ಹೆಚ್ಚು ಭಯ. ಬಾಗಿಲು ತೆರೆದು ತುದಿ ಹಿಡಿದು ಮೇಲಕ್ಕೆತ್ತಿ. ಲೊಡಲೊಡ ಅಂದರೆ ಹಿಂಜ್ ಪಿನ್ ಸವೆದಿದೆ, ಸುಲಭದ ಕೆಲಸ. ಹಿಂಜ್ ಬಿಗಿಯಾಗಿದ್ದರೆ, ಬಾಗಿಲು ಹಾಕಿ ಆ ಬದಿಯ ಜ್ಯಾಕ್ ಪಾಯಿಂಟ್‌ನಲ್ಲಿ ಕಾರನ್ನು ಸ್ವಲ್ಪ ಎತ್ತಿ ಗ್ಯಾಪ್ ಗಮನಿಸಿ. ಗ್ಯಾಪ್ ಬದಲಾದರೆ ಸಿಲ್ ಭಾರ ಹೊರ್ತಿಲ್ಲ. ಇಂಥ ಬಾಡಿಯಲ್ಲಿ ಒಳಗೆ ಅಡ್ಡಪಟ್ಟಿ ಕೊಡದೆ, ಬಾಗಿಲು ಬಿಚ್ಚಿಟ್ಟು ಸಿಲ್ ಕತ್ತರಿಸಿದರೆ ನಡು ತಗ್ಗುತ್ತೆ. ಆ ತಗ್ಗನ್ನೇ ಹಾಗೇ ವೆಲ್ಡ್ ಮಾಡಿ ಖಾಯಂ ಮಾಡಿರ್ತಾರೆ. ಬಾಗಿಲ ಅಂಚಿಗೆ ಪುಟ್ಟಿ ಕಟ್ಟಿ ಗ್ಯಾಪ್ ಸರಿ ಮಾಡ್ತೀವಿ ಅಂದರೆ ಖಂಡಿತ ಬೇಡ.

ಹಳೇಚಕ್ರ:
ಎಲ್ಲರಿಗೂ ಧನ್ಯವಾದ. ಕಮಾನಿನ ಗುಳ್ಳೆಯಿಂದ ಕಂದು ನೀರೇ ಬಂತು, ಅಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಆಯಸ್ಕಾಂತ ನಿಲ್ಲಲ್ಲ. ಸಿಲ್‌ನ ನೀರು ಹೋಗುವ ತೂತಿನಿಂದ ಎಂಡೋಸ್ಕೋಪ್ ಕ್ಯಾಮೆರಾ ಬಿಟ್ಟರೆ ತೂತುಬಿದ್ದ ಹಳೇ ಸಿಲ್ ಒಳಗೇ ಇದೆ, ಹೊಸದನ್ನು ಮೇಲೆ ಹೊದಿಸಿದ್ದಾರೆ. ಜ್ಯಾಕ್ ಕೊಟ್ಟರೆ ಗ್ಯಾಪ್ ಬದಲಾಗುತ್ತೆ. ಅವರ ಹತ್ತಿರ ಏನಂತ ಕೇಳಬೇಕು?

ತಗಡುಕೆಲಸ:
ಹಾಗಾದರೆ ಮೊದಲು ಓಡಿಸೋದು ನಿಲ್ಲಿಸಿ. ಬಾಯಿಮಾತು ಬೇಡ, ಬರೆದು ಕೊಡಿ. ಎಸ್ಟಿಮೇಟ್‌ನಲ್ಲಿ "ಸಿಲ್ ಬದಲಾವಣೆ" ಅಂತ ಇದ್ದರೆ ಆ ಸಾಲು, ಪಕ್ಕದಲ್ಲಿ ಎಂಡೋಸ್ಕೋಪ್ ಫೋಟೋ ಮತ್ತು ಗೇಜ್ ರೀಡಿಂಗ್. ಸರಿಪಡಿಸಲು ಒಂದು ಗಡುವು ಹಾಕಿ. ಗ್ಯಾರೇಜಿಗೆ ಸಂಬಂಧವಿಲ್ಲದ ಸರ್ವೇಯರ್ (ವಾಹನದ ಹಾನಿ ಪರಿಶೀಲಿಸುವವರು) ಒಬ್ಬರಿಂದ ವರದಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಬೇರೆ ಯಾರೂ ಗ್ರೈಂಡರ್ ಹಚ್ಚಬಾರದು. ಹಚ್ಚಿದರೆ ಹಾಳು ಮಾಡಿದ್ದು ಯಾರು ಅನ್ನೋ ವಾದ ಶುರುವಾಗುತ್ತೆ.

ಕೆಲಸ ಏನು ಅಂತಲೂ ಬಿಡಿಸಿ ಬರೆಯಿರಿ. ಬಾಗಿಲ ಚೌಕಟ್ಟಿಗೆ ಒಳಗಿನಿಂದ ಅಡ್ಡಪಟ್ಟಿ ಕೊಟ್ಟು, ಗ್ಯಾಪ್ ಮೊದಲು ಸರಿಮಾಡಿಕೊಂಡು, ಆಮೇಲೆ ಎರಡೂ ಸಿಲ್ ತೆಗೆಯಬೇಕು, ಒಮ್ಮೆಗೆ ಒಂದು ಬದಿ ಮಾತ್ರ. ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು. ಟ್ಯಾಕ್ (ಅಲ್ಲಲ್ಲಿ ಚುಕ್ಕೆಯಂತೆ ವೆಲ್ಡ್) ಹಾಕಿ, ಬಾಗಿಲು ಕೂರಿಸಿ ಗ್ಯಾಪ್ ನೋಡಿ, ಆಮೇಲೆ ಪೂರ್ತಿ ವೆಲ್ಡ್. ಕಮಾನಿನ ಹೊರತಗಡನ್ನು ಅಂಚಿಗೆ ಅಂಚು ಕೂಡಿಸಿ, 20–25 ಮಿಲಿಮೀಟರಿಗೊಂದು ಟ್ಯಾಕ್. ಒಂದೇ ಕಡೆ ಎಳೆದುಕೊಂಡು ಹೋದರೆ 0.8 ಮಿಲಿಮೀಟರ್ ತಗಡು ಸೊಟ್ಟಗಾಗುತ್ತೆ.

ಪ್ರೈಮರ್ ಹೊಡೆಯುವ ಮೊದಲು ನಿಮ್ಮನ್ನು ಕರೆದು ತೋರಿಸಬೇಕು ಅನ್ನೋ ಷರತ್ತನ್ನು ಬಿಡಬೇಡಿ. ವೆಲ್ಡ್ ಕಣ್ಣಿಗೆ ಕಾಣೋದು ಆ ಒಂದು ಹಂತದಲ್ಲಿ ಮಾತ್ರ.

ಸ್ಪ್ರೇಗನ್:
ಇದಕ್ಕೆ ಸೇರಿಸಿ: ಎಪಾಕ್ಸಿ ಎರಡು ಕೋಟ್, ಜೋಡಣೆಗಳಿಗೆ ನೀರು ನುಗ್ಗದಂತೆ ಮುಚ್ಚುವ ಸೀಮ್ ಸೀಲರ್. ಪೇಂಟ್ ಪೂರ್ತಿ ಒಣಗಿದ ಮೇಲೆ ಸಿಲ್, ಕಮಾನು, ಬಾಗಿಲ ಒಳಭಾಗಕ್ಕೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ಒಳಗಿನ ತಗಡಿಗೆ ತುಕ್ಕು ತಡೆಯುವ ಮೇಣ). ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕುವವರೆಗೆ ಹೊಡೆಯಲಿ, ಮಾರನೇ ದಿನ ಆ ತೂತುಗಳಿಗೆ ತಂತಿ ಆಡಿಸಿ ನೀರಿಗೆ ದಾರಿ ಇದೆಯಾ ನೋಡಿಕೊಳ್ಳಿ.