ಒಂದೇ ಲಾಸ್, ಒಂದೇ ರೇಟು, ಎರಡು ಶೀಟ್‌ನಲ್ಲಿ ಎರಡು ಉತ್ತರ! ತಲೆ ಕೆಟ್ಟಿದೆ

ಕೋರ್‌ಕಟ್ಟು: 100 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್). ಮಾಮೂಲಿ ಸಿಲಿಕಾನ್ ಉಕ್ಕಿನ (ಸಿಆರ್‌ಜಿಒ) ಕೋರಿನದಕ್ಕಿಂತ, ತೆಳು ಲೋಹದ ರಿಬ್ಬನ್ ಸುತ್ತಿದ ಅಮಾರ್ಫಸ್ ಕೋರಿನದಕ್ಕೆ 40,000 ರೂಪಾಯಿ ಜಾಸ್ತಿ, ನೋ-ಲೋಡ್ ಲಾಸ್ (ಲೋಡ್ ಇಲ್ಲದಿದ್ದರೂ ಕೋರ್ ತಿನ್ನುವ ಕರೆಂಟ್) 140 ವಾಟ್ ಕಡಿಮೆ. ಯೂನಿಟ್‌ಗೆ 6 ರೂಪಾಯಿ, ಬಡ್ಡಿ 10%. ನನ್ನ ಶೀಟ್‌ನಲ್ಲಿ ಅಮಾರ್ಫಸ್ ಗೆಲ್ಲುತ್ತದೆ. ಟೆಂಡರ್ ಕರೆದ ವಿತರಣಾ ಕಂಪನಿಯ ಶೀಟ್‌ನಲ್ಲಿ ಸೋಲುತ್ತದೆ. ಮೂರು ರಾತ್ರಿ ಹಾಳಾಯ್ತು. ಸೂತ್ರ ಎಲ್ಲಿ ತಪ್ಪಿದೆ?

ಲೋಡಣ್ಣ: ಲೋಡ್ ಫ್ಯಾಕ್ಟರ್ (ಗರಿಷ್ಠ ಲೋಡಿನಲ್ಲಿ ಸರಾಸರಿ ಲೋಡಿನ ಪಾಲು) ತಪ್ಪು ಹಾಕಿರುತ್ತೀರಿ.

ಕೋರ್‌ಕಟ್ಟು: ನೋ-ಲೋಡ್ ಲಾಸ್‌ಗೆ ಲೋಡ್ ಯಾಕೆ ಬೇಕು ಸಾರ್? ಚಾರ್ಜ್ ಇರುವಷ್ಟು ಹೊತ್ತೂ ತಿನ್ನುತ್ತದೆ.

ಲೋಡಣ್ಣ: ಆದ್ರೂ ಒಮ್ಮೆ ನೋಡಿ.

ರಿವೈಂಡಿಂಗ್_ಗುರು: ಅಮಾರ್ಫಸ್ ಸುಮ್ನೆ ತಲೆನೋವು. ರಿಬ್ಬನ್ ಗಾಜಿನ ಹಾಗೆ ಪುಡಿಯಾಗುತ್ತದೆ, ಸುಟ್ಟರೆ ಹಳ್ಳಿ ವರ್ಕ್‌ಶಾಪಲ್ಲಿ ಯಾರು ಬಿಚ್ಚುತ್ತಾರೆ?

ಬೆಂಚ್63: ನಾನು ಬಿಚ್ಚಿದ್ದೇನೆ. ನಮ್ಮ ಶೆಡ್‌ನಲ್ಲಿ ಮೂರು ವಾಟ್‌ಮೀಟರ್, ಹೊಸ ಆಯಿಲ್ ಫಿಲ್ಟರ್ ಎಲ್ಲ ಇದೆ, ಫೋಟೋ ಹಾಕಲಾ?

ಹಳೇ_ಸ್ಟೋರ್ಸ್: ಫೋಟೋ ಆಮೇಲೆ. ಕೋರ್‌ಕಟ್ಟು, ಎಷ್ಟು ವರ್ಷದ ಲೆಕ್ಕ?

ಕೋರ್‌ಕಟ್ಟು: ನನ್ನದು 25. ಅವರದು 5. ಅದು ಗೊತ್ತಿರೋದೇ ಅಲ್ವಾ ಅಂತ ಬರೆಯಲಿಲ್ಲ.

ಹಳೇ_ಸ್ಟೋರ್ಸ್: ಅಯ್ಯೋ ಮಾರಾಯ! 25 ವರ್ಷಕ್ಕೆ ಒಂದು ವಾಟ್ ಲಾಸ್‌ನ ಇಂದಿನ ಬೆಲೆ (ಮುಂದಿನ ವರ್ಷಗಳ ಖರ್ಚನ್ನು ಬಡ್ಡಿ ಕಳೆದು ಇವತ್ತಿಗೆ ತಂದದ್ದು) ಸುಮಾರು 477 ರೂಪಾಯಿ, 140 ವಾಟ್‌ಗೆ 66,800. 5 ವರ್ಷಕ್ಕೆ 199, ಅಂದರೆ 27,900. 40,000 ಹುಟ್ಟಲ್ಲ. ಸೂತ್ರ ಸರಿಯಾಗೇ ಇದೆ.

5 ಯಾಕೆ ಅಂದರೆ ಭಯ. ಓಪನ್ ಆಕ್ಸೆಸ್ ಅಂದರೆ ಗಿರಾಕಿ ಇದೇ ತಂತಿಯಲ್ಲಿ ಬೇರೆಯವರ ಕರೆಂಟ್ ತರಿಸಿಕೊಳ್ಳೋದು. 2022ರ ಹಸಿರು ಓಪನ್ ಆಕ್ಸೆಸ್ ನಿಯಮದಲ್ಲಿ ಅದಕ್ಕೆ ಬೇಕಾದ ಕನಿಷ್ಠ ಲೋಡಿನ ಮಿತಿ 100 ಕಿಲೋವಾಟ್‌ಗೆ ಇಳಿಯಿತು. ಒಳ್ಳೆ ಬಿಲ್ ಕಟ್ಟುವ ಗಿರಾಕಿ ನಾಳೆ ಬೇರೆಯವರ ಹತ್ತಿರ ಕರೆಂಟ್ ಕೊಂಡರೆ? ಅಮೆರಿಕದಲ್ಲೂ ಇದೇ ಆಯ್ತು. 1996ರಲ್ಲಿ ಅಲ್ಲಿನ ಕೇಂದ್ರ ಇಂಧನ ನಿಯಂತ್ರಣ ಆಯೋಗ ಫರ್ಕ್‌ನ 888ನೇ ಆದೇಶ (ತಂತಿಯನ್ನು ಬೇರೆಯವರ ಕರೆಂಟಿಗೂ ಬಿಡಬೇಕು ಅಂತ) ಬಂದು ಸ್ಪರ್ಧೆಯ ಗಾಳಿ ಎದ್ದಾಗ, ಲಾಸ್ ಲೆಕ್ಕ ಹಾಕಿ ಕೊಳ್ಳುತ್ತಿದ್ದ ಎಷ್ಟೋ ಕಂಪನಿಗಳು ಕಡಿಮೆ ರೇಟಿನದ್ದಕ್ಕೆ ಜಾರಿದವು. ಕೊನೆಗೆ ಇಂಧನ ಇಲಾಖೆಯೇ 2007ರಲ್ಲಿ ಕನಿಷ್ಠ ದಕ್ಷತೆಯ ನಿಯಮ ಮಾಡಿ 2010ರಿಂದ ಜಾರಿಗೆ ತಂದಿತು.

ರಿವೈಂಡಿಂಗ್_ಗುರು: ಓಪನ್ ಆಕ್ಸೆಸ್‌ಗೆ ಹೋದವನೂ ಅದೇ ತಂತಿಯಲ್ಲೇ ತಾನೆ ತರೋದು? ಟಿಸಿ ಎಲ್ಲಿಗೂ ಓಡಿಹೋಗಲ್ಲ.

ಹಳೇ_ಸ್ಟೋರ್ಸ್: ಟಿಸಿ ಓಡಲ್ಲ, ದುಡ್ಡು ಓಡುತ್ತೆ. ದರ ನಿಗದಿ ಮಾಡುವ ವಿದ್ಯುತ್ ಆಯೋಗ ಒಪ್ಪಿದ ಮಿತಿಯೊಳಗಿನ ಲಾಸ್ ಹೇಗೂ ಗ್ರಾಹಕರ ದರಕ್ಕೆ ಸೇರುತ್ತೆ. ಟಿಸಿಗೆ ಇವತ್ತೇ ದುಡ್ಡು ಕೊಡಬೇಕು.

ಕೋರ್‌ಕಟ್ಟು: 10 ವರ್ಷ ಹಾಕಿದೆ. 45,000 ದಾಟಿತು, ಅಮಾರ್ಫಸ್ ಗೆದ್ದಿತು! ಅವರಿಗೆ ಮೇಲ್ ಕಳಿಸಿದ್ದೇನೆ. ಉತ್ತರ ಇಲ್ಲ.

ಲೋಡಣ್ಣ: ಲೋಡ್ ಫ್ಯಾಕ್ಟರ್ ಎಷ್ಟು ಅಂತ ಇನ್ನೂ ಹೇಳಲಿಲ್ಲ ನೀವು.