ತೊಗಲುಗೊಂಬೆ, ಡೋಕ್ರಾ, ಕಠಪುತಲಿ: ಮೂರನ್ನೂ ಒಂದೇ ಬೀರುವಿನಲ್ಲಿ ಇಡಬಹುದಾ?

ಪ್ರಶ್ನೆ: ಕಡಲತಡಿ

ಮನೆ ಉಡುಪಿಯಲ್ಲಿ. ಬಳ್ಳಾರಿ ಕಡೆಯ ಎರಡು ತೊಗಲುಗೊಂಬೆ ಇವೆ, ಒಂದರ ಅಂಚು ಸುರುಳಿ ಸುತ್ತಿದೆ. ಬಸ್ತರ್‌ನ ಡೋಕ್ರಾ (ಮೇಣದ ಅಚ್ಚಿನಿಂದ ಎರಕ ಹೊಯ್ದ ಲೋಹದ ಬೊಂಬೆ) ಕುದುರೆಸವಾರನ ಕತ್ತಿನ ಸಂದಿಯಲ್ಲಿ ತಿಳಿಹಸಿರು ಪುಡಿ ಕಾಣುತ್ತಿದೆ. ರಾಜಸ್ಥಾನದ ಒಂದು ಜೊತೆ ಕಠಪುತಲಿಯಿಂದ (ದಾರದಿಂದ ಆಡಿಸುವ ಮರದ ಗೊಂಬೆ) ಹಿಟ್ಟಿನಂಥ ಪುಡಿ ಉದುರುತ್ತಿದೆ. ಎಲ್ಲವೂ ನೂರು ವರ್ಷದ್ದು ಎಂದು ಮಾರಿದವರ ಮಾತು. ಗೊಂಬೆಗೆ ಇಸ್ತ್ರಿ, ಸವಾರನಿಗೆ ಹುಣಸೆಹಣ್ಣು ಹಾಕಬಹುದಾ? ಮೂರನ್ನೂ ಒಂದೇ ಗಾಜಿನ ಬೀರುವಿನಲ್ಲಿ ಇಡುವ ಯೋಚನೆ.

ಉತ್ತರ 1: ಚರ್ಮದಚಿತ್ರ

ಇಸ್ತ್ರಿ ಖಂಡಿತ ಬೇಡ. ತೊಗಲುಗೊಂಬೆಯದು ಚಪ್ಪಲಿ ಚರ್ಮದ ಹಾಗೆ ಹದ ಮಾಡಿದ ಚರ್ಮವಲ್ಲ. ಕೂದಲು ತೆಗೆದು, ಹೆರೆದು, ಬಿಗಿದು ಒಣಗಿಸಿದ ಹಸಿ ತೊಗಲು. ತೇವ, ಬಿಸಿ ಎರಡೂ ಸೇರಿದರೆ ಅದು ಸರೇಸಾಗಲು, ಅಂದರೆ ಅಂಟಾಗಲು ಶುರುವಾಗುತ್ತದೆ. ಕುಗ್ಗಿದ ಜಾಗ ಮತ್ತೆ ಹಿಗ್ಗುವುದಿಲ್ಲ. ಎಣ್ಣೆಯನ್ನೂ ಸವರಬೇಡಿ, ಧೂಳು ಅಂಟಿ ಬಣ್ಣ ಮಂಕಾಗುತ್ತದೆ. ಲ್ಯಾಮಿನೇಷನ್ ಮಾಡಿಸಿದರಂತೂ ಗೊಂಬೆ ಹೋದಂತೆಯೇ.

ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ ಮಲಗಿಸಿ. ಸುತ್ತಲಿನ ಗಾಳಿಯ ತೇವಾಂಶ ಶೇ. 45ರಿಂದ 55 ಇರಲಿ. ಹಿಂದಿನಿಂದ ದೀಪ ಹಾಕಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಬಿಸಿಯಾಗದ ಎಲ್‌ಇಡಿಯಲ್ಲಿ ಐದು ನಿಮಿಷ ಸಾಕು. ಗೋಡೆಗೆ ಹಾಕಿದರೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು, ಗಾಜು ತೊಗಲಿಗೆ ತಾಕಬಾರದು. ಸುರುಳಿ ಬಿಡಿಸುವುದನ್ನು ಸಂರಕ್ಷಣಾ ತಜ್ಞರಿಗೆ ಬಿಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ದೊಡ್ಡ ಸಂಗ್ರಹವೇ ಇದೆ, ಅಲ್ಲಿಂದ ವಿಚಾರಿಸಲು ಶುರು ಮಾಡಬಹುದು.

ವಯಸ್ಸಿನ ವಿಷಯ: ಆಡಿಸಿದ ಗೊಂಬೆಯಾದರೆ ಎಣ್ಣೆದೀಪದ ಮಸಿ ಉಳಿಯಿಂದ ಕೊರೆದ ತೂತುಗಳ ಒಳಂಚಿನಲ್ಲೂ ಕೂತಿರುತ್ತದೆ, ಬಿದಿರುಸೀಳು ಕಟ್ಟಿದ ಕಡೆ ತೊಗಲು ಸವೆದಿರುತ್ತದೆ, ಹರಿದಲ್ಲಿ ಹೊಲಿಗೆಯೋ ತೇಪೆಯೋ ಇರುತ್ತದೆ. ಮೇಲೆಲ್ಲ ಒಂದೇ ಸಮ ಕಂದು, ತೂತಿನ ಅಂಚು ಮಾತ್ರ ಬೆಳ್ಳಗೆ ಹೊಸದು ಎಂದರೆ ಚಹಾ ಬಣ್ಣದ ಕೆಲಸ ಎಂದು ಅನುಮಾನಿಸಿ. ಕೈಕಾಲಿಗೆಲ್ಲ ಕೀಲಿರುವ ಆಳೆತ್ತರದ ಗೊಂಬೆಯನ್ನು ಬಳ್ಳಾರಿಯದು ಎಂದು ಮಾರಿದ್ದರೆ ಆಂಧ್ರದ ತೊಗಲುಗೊಂಬೆಯಾಟವಾದ ತೋಲುಬೊಮ್ಮಲಾಟದ್ದೂ ಇರಬಹುದು.

ಉತ್ತರ 2: ಕಂಚುಗಾರ

ಆ ತಿಳಿಹಸಿರು ಪುಡಿಯೇ ಮೊದಲ ಕೆಲಸ. ಸಾಮಾನ್ಯ ಕಿಲುಬು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಉಗುರು ತಾಗಿದರೆ ಪುಡಿಯಾಗಿ ಉದುರಿ, ಒರೆಸಿದ ಮೇಲೂ ಮತ್ತೆ ಬಂದರೆ ಉಪ್ಪಿನಲ್ಲಿರುವ ಕ್ಲೋರೈಡ್ ಲೋಹವನ್ನು ತಿನ್ನುತ್ತಿದೆ ಎಂದು ಅರ್ಥ. ಕಡಲತೀರದ ಉಪ್ಪುಗಾಳಿ, ಬೆವರುಗೈ ಎರಡೂ ಇದಕ್ಕೆ ಕಾರಣ. ಹುಣಸೆಹಣ್ಣು ಹಾಕಿ ಉಜ್ಜಿದರೆ ಹಳೆಯ ಮೈಬಣ್ಣ ಹೋಗುತ್ತದೆ, ಸಂದಿಗೆ ಹುಳಿನೀರು ಇಳಿಯುತ್ತದೆ. ಡೋಕ್ರಾದಲ್ಲಿ ಮೇಣದ ಎಳೆ ಸುತ್ತುವುದು ಮಣ್ಣಿನ ತಿರುಳಿನ ಮೇಲೆ. ಒಳಗೆ ಆ ಮಣ್ಣು ಉಳಿದಿದ್ದರೆ ನೀರು ಹೀರಿಕೊಂಡು ತಿಂಗಳುಗಟ್ಟಲೆ ಒಳಗಿನಿಂದಲೇ ಕೊರೆಯುತ್ತದೆ.

ಬಿದಿರುಕಡ್ಡಿಯಿಂದ ಪುಡಿಯನ್ನು ಮೆಲ್ಲಗೆ ಬಿಡಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಒಳಗೆ ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಇರಲಿ. ಅದು ಶೇ. 40 ದಾಟಿದರೆ ಜೆಲ್ ಒಣಗಿಸಿ ಮತ್ತೆ ಹಾಕಿ. ಬೀರುವಿನ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತಲ್ಲ: ಲೋಹಕ್ಕೆ ಬೇಕಾದ ಒಣಹವೆಯಲ್ಲಿ ತೊಗಲು ಸೆಟೆದು ಬಿರಿಯುತ್ತದೆ, ತೊಗಲಿಗೆ ಹಿತವಾದ ತೇವದಲ್ಲಿ ನಿಮ್ಮ ಸವಾರ ಕರಗುತ್ತಾನೆ.

ಕಂದು ಬಣ್ಣ ನಿಜವೋ ಎಂದು ನೋಡಲು, ಕಾಣದ ಜಾಗದಲ್ಲಿ ಹತ್ತಿಗೆ ಎರಡು ಹನಿ ಸ್ಪಿರಿಟ್ ಹಾಕಿ ಒತ್ತಿ. ಹತ್ತಿ ಕಂದಾದರೆ ಶೂ ಪಾಲಿಶ್ ಇದ್ದೀತು.

ಉತ್ತರ 3: ಮರಗೆಲಸಿ

ಕಠಪುತಲಿಯಿಂದ ಉದುರುವುದು ಕೊರೆಹುಳದ ಪುಡಿ ಇರಬೇಕು. ಈಗಲೇ ಉಳಿದವುಗಳಿಂದ ದೂರ ಇಡಿ. ಕರಿಕಾಗದದ ಮೇಲೆ ಒಂದು ವಾರ ನಿಲ್ಲಿಸಿ, ಹೊಸ ಪುಡಿ ಬಿದ್ದರೆ ಹುಳ ಜೀವಂತ ಇದೆ. ದಪ್ಪ ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ, ಟೇಪು ಸುತ್ತಿ, ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಣ್ಣದ ಮೇಲೆ ನೀರು ಕಟ್ಟುತ್ತದೆ. ಮುಖದ ಬಣ್ಣ ಆಗಲೇ ಹೆಪ್ಪಳಿಕೆ ಏಳುತ್ತಿದ್ದರೆ ಫ್ರೀಜರ್ ಬೇಡ.

ಒಳಗೆಲ್ಲಾದರೂ ಪ್ಲಸ್ ಗುರುತಿನ ಸ್ಕ್ರೂ ಇದ್ದರೆ ಅದು 1930ರ ದಶಕಕ್ಕಿಂತ ಹಿಂದಿನದಲ್ಲ. ಆದರೆ ರಿಪೇರಿಗೆ ಹಾಕಿದ್ದೂ ಆಗಿರಬಹುದು, ಅದೊಂದನ್ನೇ ನಂಬಿ ಮಾರಿದವರ ಜೊತೆ ಜಗಳಕ್ಕೆ ಹೋಗಬೇಡಿ.

ಉತ್ತರ 4: ಕಾಗದಪತ್ರ

"ನೂರು ವರ್ಷ" ಎನ್ನುವ ಮಾತಿಗೆ ಕಾನೂನಿನ ತೂಕವೂ ಇದೆ. 1972ರ ಪುರಾವಸ್ತು ಕಾಯ್ದೆ ಜಾರಿಯಾದದ್ದು 1976ರ ಏಪ್ರಿಲ್ 5ರಂದು. ಅದರ ಪ್ರಕಾರ ಇಂಥ ಕಲಾವಸ್ತು ನೂರು ವರ್ಷ ದಾಟಿದರೆ ಪುರಾವಸ್ತು. ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು, ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ವರ್ಗಗಳಿಗೆ ನೋಂದಣಿ ಬೇಕು. ಮಾರಿದವರು ಬಿಲ್ಲಿನಲ್ಲಿ ವಯಸ್ಸು ಬರೆಯಲು ಹಿಂಜರಿದರೆ ಬಾಯಿಮಾತಿಗೆ ಬೆಲೆ ಕಟ್ಟಬೇಡಿ. ಗೊಂಬೆ ಆಡಿನ ತೊಗಲಿನದೋ ಜಿಂಕೆಯದೋ ಎಂದೂ ಕೇಳಿ. ದೇವರ ಪಾತ್ರಗಳಿಗೆ ಜಿಂಕೆ ಚರ್ಮ ಬಳಸುತ್ತಿದ್ದದ್ದುಂಟು. ಅದಾದರೆ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.

ಕಡಲತಡಿ

ಹಾಗಾದರೆ ಡಬ್ಬಿ ಬೇರೆ, ಬೀರು ಬೇರೆ. ಗುರುತಿನ ನಂಬರನ್ನು ವಸ್ತುವಿನ ಮೇಲೇ ಬರೆಯಬಹುದಾ?

ಚರ್ಮದಚಿತ್ರ

ಬೇಡ. ಹತ್ತಿದಾರದಲ್ಲಿ ಕಾಗದದ ಚೀಟಿ ಕಟ್ಟಿ, ಪೆನ್ಸಿಲ್‌ನಲ್ಲಿ ಬರೆಯಿರಿ. ತೊಗಲಿಗೆ ತೂತು ಮಾಡಬೇಡಿ, ಬಿದಿರುಸೀಳಿಗೇ ಕಟ್ಟಿ.